ಮುಯ್ಯಾಳಿನ ಲೆಕ್ಕ ತಪ್ಪಿದರೆ: ಜರ್ಮನಿ–ಅಮೆರಿಕ ವಿದ್ಯಾರ್ಥಿ ವಿನಿಮಯ ಏಕೆ ಅಲುಗಾಡುತ್ತಿದೆ?

2025ರ ಮೇ 27ರಂದು ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಕಚೇರಿಗಳಿಗೆಲ್ಲ ಒಂದು ಸೂಚನೆ ಕಳಿಸಿತು. ವಿದ್ಯಾರ್ಥಿ ವೀಸಾ ಮತ್ತು ವಿನಿಮಯ ವೀಸಾ ಕೇಳುವವರಿಗೆ ಸದ್ಯಕ್ಕೆ ಹೊಸದಾಗಿ ಸಂದರ್ಶನದ ದಿನ ಕೊಡಬೇಡಿ ಎಂದು. ಮೂರು ವಾರದ ಮೇಲೆ, ಜೂನ್ 18ರಂದು, ಆ ತಡೆ ತೆರವಾಯಿತು. ಆದರೆ ಜೊತೆಗೆ ಒಂದು ಷರತ್ತು ಬಂತು. ಅರ್ಜಿ ಹಾಕುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

ಆಮೇಲೆ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಜರ್ಮನಿಯ ವಿಶ್ವವಿದ್ಯಾಲಯಗಳು ತಮ್ಮ ಅಮೆರಿಕನ್ ಜೊತೆಗಾರರ ಬಗ್ಗೆ ಚಿಂತೆಯಲ್ಲಿವೆ ಎಂಬ ಮಾತೂ ಕೇಳಿಬಂತು. ಇಲ್ಲೇ ಓದುಗರಿಗೆ ಗೊಂದಲ ಶುರುವಾಗುವುದು. ಜರ್ಮನಿ ಅಮೆರಿಕದ ಮಿತ್ರದೇಶ. ಜರ್ಮನ್ನರು ಅಲ್ಲಿಗೆ ಪ್ರವಾಸ ಹೋಗಲು ವೀಸಾವೇ ಬೇಕಿಲ್ಲ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದಕ್ಕೆ ಸಾಮಾನ್ಯವಾಗಿ ಅಮೆರಿಕ ಸರ್ಕಾರದ ದುಡ್ಡೂ ಬೇಕಾಗುವುದಿಲ್ಲ. ಹಾಗಿದ್ದರೆ ಮೂವತ್ತು, ನಲವತ್ತು ವರ್ಷದಿಂದ ನಡೆದುಬಂದ ವಿನಿಮಯಕ್ಕೆ ಯಾಕೆ ಪೆಟ್ಟು? ಇನ್ನೊಂದು ಪ್ರಶ್ನೆಯೂ ಇದೆ. ಬಿಗಿಯಾಗಿರುವುದು ಅಮೆರಿಕದ ಒಳಗೆ ಬರುವ ಬಾಗಿಲು. ಅದರಿಂದ ಜರ್ಮನಿಗೆ ಹೋಗಬೇಕಿರುವ ಅಮೆರಿಕದ ಮಕ್ಕಳಿಗೆ ತೊಂದರೆ ಹೇಗೆ?

ಈ ಎರಡನೆಯ ಪ್ರಶ್ನೆಯಲ್ಲೇ ಇಡೀ ವಿಷಯದ ಗುಟ್ಟಿದೆ.

ಮೊದಲು ಸುದ್ದಿಗಳನ್ನು ಬಿಡಿಸಿಕೊಳ್ಳೋಣ

ಪತ್ರಿಕೆಗಳಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದೇ ಗಂಟಾಗಿ ಬರುತ್ತಿವೆ.

ಒಂದು, ಫುಲ್‌ಬ್ರೈಟ್. ಇದು ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನ. 1946ರಲ್ಲಿ ಕಾನೂನಾಯಿತು. ಜರ್ಮನಿಯ ಜೊತೆಗಿನ ಒಪ್ಪಂದಕ್ಕೆ 1952ರಲ್ಲಿ ಸಹಿ ಬಿತ್ತು. ಜರ್ಮನ್ ಸರ್ಕಾರವೂ ಇದಕ್ಕೆ ಹಣ ಹಾಕುತ್ತದೆ. 2025ರ ಜೂನ್‌ನಲ್ಲಿ ಫುಲ್‌ಬ್ರೈಟ್ ಮಂಡಳಿಯ ಬಹುತೇಕ ಎಲ್ಲ ಸದಸ್ಯರು ರಾಜೀನಾಮೆ ಕೊಟ್ಟರು. ತಾವು ಆರಿಸಿದವರನ್ನು ಸರ್ಕಾರ ಕೈಬಿಡುತ್ತಿದೆ ಎಂಬುದು ಅವರ ದೂರು. ಅದೇ ಹೊತ್ತಿಗೆ ಸರ್ಕಾರ 2026ರ ಬಜೆಟ್ ಪ್ರಸ್ತಾಪದಲ್ಲಿ ಶೈಕ್ಷಣಿಕ ವಿನಿಮಯದ ಹಣಕ್ಕೆ ಶೇ 90ಕ್ಕೂ ಜಾಸ್ತಿ ಕತ್ತರಿ ಹಾಕಲು ಹೊರಟಿತ್ತು.

ಎರಡು, ಹಾರ್ವರ್ಡ್. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನು ಅದರಿಂದ 2025ರ ಮೇ 22ರಂದು ಕಿತ್ತುಕೊಳ್ಳಲಾಯಿತು. ಮರುದಿನವೇ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಅದು ಒಂದು ವಿಶ್ವವಿದ್ಯಾಲಯ ಮತ್ತು ಸರ್ಕಾರದ ನಡುವಿನ ಜಗಳ.

ಮೂರು, ನಾವು ಇಲ್ಲಿ ನೋಡಬೇಕಾದದ್ದು: ಎರಡು ವಿಶ್ವವಿದ್ಯಾಲಯಗಳು ತಾವೇ ಮಾಡಿಕೊಂಡ ನೇರ ವಿನಿಮಯ. ಇದಕ್ಕೆ ಫುಲ್‌ಬ್ರೈಟ್ ಹಣ ನಿಂತರೂ ಪರವಾಗಿಲ್ಲ. ಹಾರ್ವರ್ಡ್ ತೀರ್ಪು ಏನಾದರೂ ಪರವಾಗಿಲ್ಲ. ಆದರೆ ವೀಸಾ ಮಾತ್ರ ಬೇಕೇ ಬೇಕು. ಜರ್ಮನಿಯವರು ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗಬಹುದು ನಿಜ, ಒಂದು ಸೆಮಿಸ್ಟರ್ ಕೂತು ಓದಲು ಹಾಗೆ ಹೋಗುವಂತಿಲ್ಲ. ಅದಕ್ಕೆ ಜೆ-1 ಎಂಬ ವಿನಿಮಯ ವೀಸಾ ಇದೆ.

ಇದು ಮುಯ್ಯಾಳು ಪದ್ಧತಿ

ನಮ್ಮ ಹಳ್ಳಿಗಳ ಮುಯ್ಯಾಳು ಗೊತ್ತಲ್ವಾ? ಇವತ್ತು ನಿಮ್ಮ ಮನೆಯ ಇಬ್ಬರು ನಮ್ಮ ಗದ್ದೆಗೆ ನಾಟಿಗೆ ಬಂದರೆ, ನಾಡಿದ್ದು ನಮ್ಮ ಮನೆಯ ಇಬ್ಬರು ನಿಮ್ಮ ಗದ್ದೆಗೆ ಬರುತ್ತೇವೆ. ಕೂಲಿ ಇಲ್ಲ. ಆದರೆ ಲೆಕ್ಕ ಇದೆ. ಬರೆದಿಡದಿದ್ದರೂ ಎರಡೂ ಮನೆಯವರ ತಲೆಯಲ್ಲಿ ಇರುತ್ತದೆ. ಒಂದು ಮನೆಯವರು ಬರುವುದು ನಿಲ್ಲಿಸಿದರೆ ಇನ್ನೊಂದು ಮನೆಯವರು ಎಷ್ಟು ದಿನ ಬಂದಾರು?

ನೇರ ವಿನಿಮಯ ನಡೆಯುವುದು ಹೀಗೆಯೇ. ಜರ್ಮನಿಯ ಒಬ್ಬ ವಿದ್ಯಾರ್ಥಿ ಅಮೆರಿಕಕ್ಕೆ ಹೋಗುತ್ತಾನೆ, ಆದರೆ ದಾಖಲಾತಿ ತನ್ನೂರಿನಲ್ಲೇ ಇರುತ್ತದೆ. ಅಮೆರಿಕದ ಹುಡುಗಿ ಜರ್ಮನಿಗೆ ಬರುತ್ತಾಳೆ, ಫೀಸು ಅಮೆರಿಕದಲ್ಲೇ ಕಟ್ಟುತ್ತಾಳೆ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಂದು ಪೈಸೆಯೂ ಓಡಾಡುವುದಿಲ್ಲ. ಓಡಾಡುವುದು ಸೀಟು. ಒಬ್ಬರು ಇಡೀ ವರ್ಷ ಬಂದರೆ ಎರಡು ಸೆಮಿಸ್ಟರ್ ಎಂದು ಬರೆದುಕೊಳ್ಳುತ್ತಾರೆ. ಈ ವರ್ಷ ಒಂದು ಕಡೆ ಇಬ್ಬರು ಜಾಸ್ತಿಯಾದರೆ ಮುಂದಿನ ವರ್ಷಗಳಲ್ಲಿ ಸರಿದೂಗಿಸುತ್ತಾರೆ.

ಈ ಲೆಕ್ಕದಲ್ಲಿ ಒಂದು ವಿಶೇಷವಿದೆ. ಎರಡೂ ಕಡೆಯ ಸೀಟಿನ ಬೆಲೆ ಸಮ ಅಲ್ಲ. ಹೊರರಾಜ್ಯದ ಅಥವಾ ಹೊರದೇಶದ ವಿದ್ಯಾರ್ಥಿಗೆ ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯವೂ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ ಫೀಸು ಹಾಕುವುದುಂಟು. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಬೋಧನಾ ಶುಲ್ಕವೇ ಇಲ್ಲ. ಅಂದರೆ ಸಾಮಾನ್ಯ ಮನೆಯ ಜರ್ಮನ್ ವಿದ್ಯಾರ್ಥಿಗೆ ಅಮೆರಿಕದಲ್ಲಿ ಓದಲು ವಿನಿಮಯ ಬಿಟ್ಟರೆ ದಾರಿ ಕಷ್ಟ. ಜರ್ಮನ್ ವಿಶ್ವವಿದ್ಯಾಲಯ ಈ ಒಪ್ಪಂದಕ್ಕೆ ಅಂಟಿಕೊಂಡಿರುವುದೇ ಆ ಸೀಟಿಗಾಗಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರೌನ್‌ಶ್ವೈಗ್ ಮತ್ತು ರೋಡ್ ಐಲ್ಯಾಂಡ್

ಒಂದು ನಿಜವಾದ ಜೋಡಿಯನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ.

ರೋಡ್ ಐಲ್ಯಾಂಡ್ ಅಮೆರಿಕದ ಅತಿ ಚಿಕ್ಕ ರಾಜ್ಯ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಕಿಂಗ್‌ಸ್ಟನ್ ಎಂಬ ಸಣ್ಣ ಊರಿನಲ್ಲಿದೆ. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ಗಳಂಥ ಹೆಸರಿಲ್ಲ. ಆದರೂ 1987ರಲ್ಲಿ ಅಲ್ಲಿ ಒಂದು ಜಾಣ ಯೋಚನೆ ಹುಟ್ಟಿತು. ಜರ್ಮನ್ ಭಾಷೆಯ ಪ್ರಾಧ್ಯಾಪಕ ಜಾನ್ ಗ್ರ್ಯಾಂಡಿನ್ ಮತ್ತು ಎಂಜಿನಿಯರಿಂಗ್ ವಿಭಾಗದ ಡೀನ್ ಹರ್ಮನ್ ವೀಟ್ಸ್ ಸೇರಿ ಒಂದು ಐದು ವರ್ಷದ ಕೋರ್ಸ್ ಮಾಡಿದರು. ವಿದ್ಯಾರ್ಥಿಗೆ ಎಂಜಿನಿಯರಿಂಗ್ ಪದವಿಯೂ ಸಿಗುತ್ತದೆ, ಜರ್ಮನ್ ಭಾಷೆಯ ಪದವಿಯೂ ಸಿಗುತ್ತದೆ. ನಾಲ್ಕನೆಯ ವರ್ಷ ಪೂರ್ತಿ ವಿದೇಶದಲ್ಲಿ: ಒಂದು ಸೆಮಿಸ್ಟರ್ ಓದು, ಆಮೇಲೆ ಆರು ತಿಂಗಳು ಕಂಪನಿಯಲ್ಲಿ ಇಂಟರ್ನ್‌ಶಿಪ್.

ಓದಿಗೆ ಜೊತೆಯಾದದ್ದು ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ. 1990ರ ದಶಕದಿಂದ ಈ ನಂಟು ನಡೆದಿದೆ. ಬ್ರೌನ್‌ಶ್ವೈಗ್‌ನ ಮೂಲ ಸಂಸ್ಥೆ ಹುಟ್ಟಿದ್ದು 1745ರಲ್ಲಿ. ಗಣಿತಜ್ಞ ಗೌಸ್ ಹುಡುಗನಾಗಿದ್ದಾಗ ಓದಿದ್ದು ಅಲ್ಲೇ. ಫೋಕ್ಸ್‌ವ್ಯಾಗನ್ ಕಾರುಗಳ ತವರು ವೋಲ್ಫ್ಸ್‌ಬರ್ಗ್ ಪಕ್ಕದಲ್ಲೇ ಇದೆ. ಎಂಜಿನಿಯರಿಂಗ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಬ್ರೌನ್‌ಶ್ವೈಗ್‌ನವರು ಕಿಂಗ್‌ಸ್ಟನ್‌ಗೆ ಹೋಗಿ ಎರಡೂ ಕಡೆಯ ಮಾಸ್ಟರ್ಸ್ ಪದವಿ ಪಡೆಯುವ ದಾರಿಯೂ ತೆರೆಯಿತು.

ಈ ಯೋಜನೆಯ ನಿಜವಾದ ಜಾಣತನ ಇರುವುದು ಕ್ಯಾಲೆಂಡರಿನಲ್ಲಿ. ಅಮೆರಿಕದ ಶೈಕ್ಷಣಿಕ ವರ್ಷ ಆಗಸ್ಟ್ ಕೊನೆಗೆ ಶುರು. ಡಿಸೆಂಬರಿಗೆ ಒಂದು ಸೆಮಿಸ್ಟರ್ ಮುಗಿಯುತ್ತದೆ. ಜನವರಿಯಿಂದ ಮೇವರೆಗೆ ಇನ್ನೊಂದು. ಜರ್ಮನಿಯಲ್ಲಿ ಚಳಿಗಾಲದ ಪಾಠ ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ. ಬೇಸಿಗೆಯ ಪಾಠ ಏಪ್ರಿಲ್‌ನಿಂದ ಜುಲೈವರೆಗೆ. ಎರಡೂ ಒಂದಕ್ಕೊಂದು ಕೂಡುವುದೇ ಇಲ್ಲ. ಅಮೆರಿಕದಿಂದ ಬಂದವರು ಜರ್ಮನಿಯಲ್ಲಿ ಚಳಿಗಾಲ ಓದಿ ಮುಗಿಸುವಷ್ಟರಲ್ಲಿ ಅವರ ಊರಿನ ಜನವರಿ ಸೆಮಿಸ್ಟರ್ ಅರ್ಧಕ್ಕೆ ಬಂದಿರುತ್ತದೆ. ಸುಮ್ನೆ ಒಂದು ಸೆಮಿಸ್ಟರ್‌ಗೆ ಎಂದು ಹೋದವರು ಎರಡು ಕಳೆದುಕೊಳ್ಳುತ್ತಾರೆ. ರೋಡ್ ಐಲ್ಯಾಂಡ್‌ನವರು ಆ ಖಾಲಿ ತಿಂಗಳುಗಳಿಗೆ ಇಂಟರ್ನ್‌ಶಿಪ್ ತುಂಬಿಸಿದರು. ಕೊರತೆಯಾಗಿದ್ದ ಸಮಯವೇ ಕೋರ್ಸಿನ ದೊಡ್ಡ ಲಾಭವಾಯಿತು.

ಅಂಕಗಳ ಗೋಜೂ ಸಣ್ಣದಲ್ಲ. ಜರ್ಮನಿಯಲ್ಲಿ 1.0 ಎಂದರೆ ತರಗತಿಗೆ ಮೊದಲಿಗರು, 5.0 ಎಂದರೆ ಫೇಲು. ಅಮೆರಿಕದಲ್ಲಿ 4.0 ಅತ್ಯುತ್ತಮ, 1.0 ಬಂದರೆ ಮನೆಯಲ್ಲಿ ಬೈಗುಳ. ಜರ್ಮನಿಯಲ್ಲಿ ಸೆಮಿಸ್ಟರಿಗೆ 30 ಕ್ರೆಡಿಟ್, ಅಮೆರಿಕದಲ್ಲಿ ಸುಮಾರು 15. ಯಾವ ಪಾಠ ಯಾವುದಕ್ಕೆ ಸಮ ಎಂದು ಎರಡೂ ಕಡೆಯ ಮೇಷ್ಟ್ರುಗಳು ಕೂತು ಒಂದೊಂದಾಗಿ ಹೊಂದಿಸಬೇಕು. ಈ ಕೆಲಸಕ್ಕೆ ವರ್ಷಗಳೇ ಬೇಕು. ಒಮ್ಮೆ ಮಾಡಿಟ್ಟರೆ ನೂರಾರು ಮಕ್ಕಳಿಗೆ ನೆರವಾಗುತ್ತದೆ. ಒಪ್ಪಂದ ಮುರಿದರೆ ಕಳೆದುಹೋಗುವುದು ಇದೇ. ಸಹಿ ಮಾಡಿದ ಕಾಗದವನ್ನು ಇನ್ನೊಮ್ಮೆ ಬರೆಯಬಹುದು, ಇದನ್ನು ಬರೆಯಲಾಗದು.

ಒಂದು ಬಾಗಿಲು ಅಗಲ, ಇನ್ನೊಂದು ಕಿರಿದು

ಈಗ ವೀಸಾಕ್ಕೆ ಬರೋಣ.

ಅಮೆರಿಕದ ವಿದ್ಯಾರ್ಥಿ ಜರ್ಮನಿಗೆ ಹೋಗುವಾಗ ಮೊದಲೇ ವೀಸಾ ಮಾಡಿಸಬೇಕಾಗಿಲ್ಲ. ಪಾಸ್‌ಪೋರ್ಟ್ ಹಿಡಿದು ಫ್ರಾಂಕ್‌ಫರ್ಟ್‌ನಲ್ಲಿ ಇಳಿಯಬಹುದು. 90 ದಿನದೊಳಗೆ ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ವಾಸದ ಪರವಾನಗಿಗೆ ಅರ್ಜಿ ಕೊಟ್ಟರೆ ಸಾಕು. ಖರ್ಚಿಗೆ ಹಣವಿದೆ, ಆರೋಗ್ಯ ವಿಮೆಯಿದೆ ಎಂದು ತೋರಿಸಬೇಕು, ಅಷ್ಟೇ.

ಜರ್ಮನ್ ವಿದ್ಯಾರ್ಥಿಯ ದಾರಿ ಬೇರೆ. ಅಮೆರಿಕದ ವಿಶ್ವವಿದ್ಯಾಲಯ ಮೊದಲು ಡಿಎಸ್-2019 ಎಂಬ ಪತ್ರ ಕಳಿಸಬೇಕು. ಆಮೇಲೆ ಸೇವಿಸ್ ಎಂಬ ನಿಗಾ ವ್ಯವಸ್ಥೆಗೆ 220 ಡಾಲರ್, ವೀಸಾ ಅರ್ಜಿಗೆ 185 ಡಾಲರ್. ನಂತರ ಬರ್ಲಿನ್, ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಸಂದರ್ಶನ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಇನ್ನೊಂದು 250 ಡಾಲರ್ ಶುಲ್ಕವೂ ಸೇರಿದೆ. ಅದು ಜಾರಿಯಾದರೆ ಎಲ್ಲ ಕೂಡಿ 655 ಡಾಲರ್. ವಿಮಾನ ಹತ್ತುವ ಮೊದಲೇ ಆಗುವ ಖರ್ಚು ಇದು.

ದುಡ್ಡಿಗಾಗಿಯೇ ಯಾರೂ ಹಿಂದೆ ಸರಿಯಲಾರರು. ಹೆದರಿಸುವುದು ಅನಿಶ್ಚಿತತೆ. ಯಾಕೆ ಎಂದು ನಿಧಾನವಾಗಿ ನೋಡೋಣ. ಯಾರನ್ನು ಕಳಿಸಬೇಕು ಎಂಬ ಆಯ್ಕೆ ಸಾಮಾನ್ಯವಾಗಿ ಚಳಿಗಾಲದ ಕೊನೆಯ ಹೊತ್ತಿಗೆ ಮುಗಿದಿರುತ್ತದೆ. ಡಿಎಸ್-2019 ಪತ್ರ ಕೈಗೆ ಬರುವುದು ಏಪ್ರಿಲ್, ಮೇ ಸುಮಾರಿಗೆ. ಸಂದರ್ಶನ ಮೇ, ಜೂನ್‌ನಲ್ಲಿ. ಆಗಸ್ಟ್‌ನಲ್ಲಿ ತರಗತಿ. 2025ರ ತಡೆ ಬಂದದ್ದು ಸರಿಯಾಗಿ ಮೇ ಕೊನೆಯಲ್ಲಿ. ಮೊದಲೇ ದಿನ ಗೊತ್ತುಮಾಡಿಕೊಂಡವರಿಗೆ ತೊಂದರೆಯಾಗಲಿಲ್ಲ. ಪತ್ರ ತಡವಾಗಿ ಬಂದವರು ಸಿಕ್ಕಿಬಿದ್ದರು.

ಮೂರು ವಾರ ತಾನೇ ಎನಿಸಬಹುದು. ಆದರೆ ಆಗಸ್ಟ್ ತಪ್ಪಿದರೆ ಅಮೆರಿಕದಲ್ಲಿ ಮುಂದಿನ ಸೇರ್ಪಡೆ ಜನವರಿಗೆ. ಜನವರಿಗೆ ಹೋದರೆ ಜರ್ಮನಿಯ ಚಳಿಗಾಲದ ಪರೀಕ್ಷೆ ತಪ್ಪುತ್ತದೆ. ಮೇನಲ್ಲಿ ಮರಳುವಷ್ಟರಲ್ಲಿ ಏಪ್ರಿಲ್‌ನ ಬೇಸಿಗೆ ಪಾಠವೂ ಮುಂದೆ ಹೋಗಿರುತ್ತದೆ. ಮೂರು ವಾರದ ತಡೆ ಒಂದು ವರ್ಷದ ನಷ್ಟವಾಗುವುದು ಹೀಗೆ. ಇದನ್ನು ನೋಡಿದ ಮುಂದಿನ ತಂಡದ ವಿದ್ಯಾರ್ಥಿ ಏನು ಮಾಡುತ್ತಾನೆ? ಕೆನಡಾಕ್ಕೋ ಸ್ವೀಡನ್‌ಗೋ ಅರ್ಜಿ ಹಾಕುತ್ತಾನೆ. ಅವನನ್ನು ತಪ್ಪು ಎನ್ನಲಾಗದು.

ಈಗ ಮುಯ್ಯಾಳಿನ ಲೆಕ್ಕ ಹಾಕಿ. ಜರ್ಮನಿಯಿಂದ ಹೋಗುವವರು ಕಡಿಮೆಯಾದರು ಎಂದುಕೊಳ್ಳಿ. ಅಮೆರಿಕದಿಂದ ಬರುವವರು ಮೊದಲಿನಷ್ಟೇ. ಬ್ರೌನ್‌ಶ್ವೈಗ್‌ನಂಥ ವಿಶ್ವವಿದ್ಯಾಲಯ ಬಂದವರಿಗೆ ಹಾಸ್ಟೆಲ್ ಕೋಣೆ, ಭಾಷಾ ತರಗತಿ, ಸಲಹೆಗಾರರ ಸಮಯ ಎಲ್ಲ ಮೀಸಲಿಡಬೇಕು. ಜರ್ಮನಿಯ ಊರುಗಳಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಸಿಗುವುದೇ ದುಸ್ತರ. ತನ್ನ ಮಕ್ಕಳಿಗೆ ಅಮೆರಿಕದ ಸೀಟು ಸಿಗುತ್ತಿಲ್ಲ ಎಂದಾದರೆ ಅದು ಎಷ್ಟು ವರ್ಷ ಕೋಣೆ ಕೊಟ್ಟೀತು? ಮೊದಲು ಹತ್ತು ಸೀಟು ಏಳಾಗುತ್ತದೆ. ಆಮೇಲೆ ಐದು. ನಷ್ಟ ಯಾರಿಗೆ? ಅಮೆರಿಕದ ವಿದ್ಯಾರ್ಥಿಗೆ. ಜರ್ಮನಿ ತನ್ನ ಬಾಗಿಲನ್ನು ಒಂದಿಂಚೂ ಮುಚ್ಚಿರುವುದಿಲ್ಲ, ಆದರೂ ಒಳಗೆ ಹೋಗುವವರು ಕಡಿಮೆಯಾಗುತ್ತಾರೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು.

ಯಾರು ಏನು ಹೇಳುತ್ತಾರೆ

ಅಮೆರಿಕ ಸರ್ಕಾರದ ವಾದವನ್ನು ಮೊದಲು ಕೇಳೋಣ. ವೀಸಾ ಯಾರ ಹಕ್ಕೂ ಅಲ್ಲ, ಯಾರು ಬರುತ್ತಿದ್ದಾರೆ ಎಂದು ತಿಳಿಯುವುದು ದೇಶದ ಭದ್ರತೆಯ ಪ್ರಶ್ನೆ ಎನ್ನುತ್ತದೆ. ಕೆಲವರು ಓದಿನ ಹೆಸರಲ್ಲಿ ಬಂದು ಕೋರ್ಸ್ ಬದಲಾಯಿಸುತ್ತಾ ವರ್ಷಗಟ್ಟಲೆ ಉಳಿಯುತ್ತಾರೆ ಎಂಬ ದೂರೂ ಇದೆ. ಹಾಗಾಗಿ 2025ರ ಆಗಸ್ಟ್‌ನಲ್ಲಿ ಒಂದು ಹೊಸ ನಿಯಮದ ಪ್ರಸ್ತಾಪ ಬಂತು. ಈವರೆಗೆ ಓದು ಮುಗಿಯುವವರೆಗೂ ಇರಬಹುದಿತ್ತು. ಪ್ರಸ್ತಾಪದ ಪ್ರಕಾರ ಗರಿಷ್ಠ ನಾಲ್ಕು ವರ್ಷ, ಜಾಸ್ತಿ ಬೇಕಿದ್ದರೆ ಮತ್ತೆ ಅರ್ಜಿ. ಒಂದು ಸೆಮಿಸ್ಟರ್ ವಿನಿಮಯಕ್ಕೆ ಬರುವವರಿಗೆ ಇದರಿಂದ ನೇರ ತೊಂದರೆ ಇಲ್ಲ. ಐದಾರು ವರ್ಷದ ಪಿಎಚ್‌.ಡಿ.ಗೆ ಬರುವವರಿಗೆ ಖಂಡಿತ ಇದೆ.

ವಿಶ್ವವಿದ್ಯಾಲಯಗಳ ಉತ್ತರ ಬೇರೆ. ವಿದೇಶಿ ವಿದ್ಯಾರ್ಥಿಗಳ ಮೇಲೆ ಸೇವಿಸ್ ಮೂಲಕ ಎರಡು ದಶಕದಿಂದ ನಿಗಾ ಇದ್ದೇ ಇದೆ. ಅದರಲ್ಲೂ ವಿನಿಮಯ ವಿದ್ಯಾರ್ಥಿಯನ್ನು ಎರಡು ವಿಶ್ವವಿದ್ಯಾಲಯಗಳು ಸೋಸಿ ಆರಿಸಿರುತ್ತವೆ. ಅವನ ಪದವಿ ಇರುವುದು ತನ್ನೂರಿನಲ್ಲಿ. ಮರಳದಿದ್ದರೆ ಅದೇ ಕೈತಪ್ಪುತ್ತದೆ. ಈ ವಾದ ನನಗೆ ಗಟ್ಟಿಯಾಗಿಯೇ ಕಾಣುತ್ತದೆ. ತಪಾಸಣೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ಸೆಮಿಸ್ಟರ್ ಓದಿ ಮರಳುವವರನ್ನೂ ದೀರ್ಘಕಾಲ ಉಳಿಯಲು ಬರುವವರನ್ನೂ ಒಂದೇ ಜರಡಿಯಲ್ಲಿ ಹಾಕಿದರೆ, ಮೊದಲು ಜಾರಿಹೋಗುವವರು ಅಪಾಯವೇ ಇಲ್ಲದವರು. ಅವರಿಗೆ ಬೇರೆ ದೇಶಗಳ ಬಾಗಿಲು ಸುಲಭವಾಗಿ ತೆರೆಯುತ್ತದೆ.

ಜರ್ಮನಿಯಲ್ಲೂ ಒಮ್ಮತ ಇಲ್ಲ. ಈಗಲೇ ಪ್ರತಿಭೆಗಳನ್ನು ಕರೆದುಕೊಳ್ಳೋಣ ಎಂಬುದು ಒಂದು ನಿಲುವು. 2025ರ ಜುಲೈನಲ್ಲಿ ಜರ್ಮನ್ ಸರ್ಕಾರ ವಿದೇಶಿ ಸಂಶೋಧಕರನ್ನು ಸೆಳೆಯಲು ಸಾವಿರ ಜನರ ಒಂದು ಯೋಜನೆಯನ್ನು ಶುರುಮಾಡಿತು. ಕಷ್ಟದಲ್ಲಿರುವ ಜೊತೆಗಾರರ ಮನೆಯಿಂದ ಜನರನ್ನು ಎಳೆದುಕೊಂಡಂತೆ ಕಾಣಬಾರದು, ಇರುವ ಒಪ್ಪಂದ ಉಳಿಸಿಕೊಳ್ಳುವುದು ಮುಖ್ಯ ಎಂಬುದು ಇನ್ನೊಂದು ನಿಲುವು.

ಇದಕ್ಕೂ ಮೊದಲೇ ಇದ್ದ ಕಾಯಿಲೆ

ಎಲ್ಲವನ್ನೂ ವೀಸಾದ ತಲೆಗೆ ಕಟ್ಟುವುದು ಸರಿಯಲ್ಲ. ತಕ್ಕಡಿಯ ಅಮೆರಿಕದ ತಟ್ಟೆ ಮೊದಲೇ ಹಗುರವಾಗುತ್ತಿತ್ತು. 2016ರಿಂದ 2021ರ ನಡುವೆ ಅಮೆರಿಕದ ಕಾಲೇಜುಗಳಲ್ಲಿ ಜರ್ಮನ್ ಕಲಿಯುವವರು ಶೇ 33.6ರಷ್ಟು ಕಡಿಮೆಯಾದರು. 2023ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ವಿದೇಶಿ ಭಾಷೆಗಳ ಪದವಿಗಳನ್ನೇ ಕೈಬಿಟ್ಟಿತು. ಭಾಷೆ ಗೊತ್ತಿಲ್ಲದವರು ಇಡೀ ವರ್ಷ ಹೋಗುವುದಿಲ್ಲ, ಬೇಸಿಗೆಯಲ್ಲಿ ಕೆಲವು ವಾರ ಹೋಗಿ ಬರುತ್ತಾರೆ. ಜರ್ಮನಿಯಲ್ಲಿ ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಕೋರ್ಸ್‌ಗಳು ಹೆಚ್ಚಿರುವುದರಿಂದ ಸ್ವಲ್ಪ ಉಸಿರಾಡುವಂತಾಗಿದೆ. ಆದರೆ ಕಂಪನಿಯ ಇಂಟರ್ನ್‌ಶಿಪ್‌ಗೆ ಜರ್ಮನ್ ಇಲ್ಲದೆ ಕಷ್ಟ.

ಜರ್ಮನಿಯ ತಟ್ಟೆಯಲ್ಲೂ ಬದಲಾವಣೆ ಆಗಿತ್ತು. ಯುರೋಪಿನ ಪದವಿಗಳನ್ನು ಒಂದೇ ಅಚ್ಚಿಗೆ ತರಲು ಹೊರಟ 1999ರ ಬೊಲೋನ್ಯ ಸುಧಾರಣೆಯ ನಂತರ ಹಳೆಯ ದೀರ್ಘ ಡಿಪ್ಲೋಮ್ ಪದವಿ ಹೋಗಿ ಮೂರು ವರ್ಷದ ಬ್ಯಾಚುಲರ್ಸ್ ಬಂತು. ಪಾಠಗಳು ಒತ್ತೊತ್ತಾಗಿ ತುಂಬಿದವು. ನಡುವೆ ಒಂದು ವರ್ಷ ಹೊರಗೆ ಹೋಗಿ ಬರುವಷ್ಟು ಜಾಗವೇ ಉಳಿಯಲಿಲ್ಲ.

ರೋಡ್ ಐಲ್ಯಾಂಡ್ ಈ ಕಾಯಿಲೆಗೆ ಮೊದಲೇ ಮದ್ದು ಹುಡುಕಿತ್ತು. ಎಂಜಿನಿಯರಿಂಗ್ ಜೊತೆಗೇ ಭಾಷೆಯನ್ನು ಹೆಣೆದದ್ದರಿಂದ ಹೋಗುವವರ ಸಾಲು ಬತ್ತಲಿಲ್ಲ. ಅದೇ ಮಾದರಿಯಲ್ಲಿ ಫ್ರೆಂಚ್, ಸ್ಪ್ಯಾನಿಷ್, ಚೀನೀ ಭಾಷೆಗಳೂ ಸೇರಿದವು. ಅಮೆರಿಕದ ಕಡೆಯಿಂದ ಲೆಕ್ಕ ಸರಿಯಾಗಿಟ್ಟುಕೊಂಡ ಇಂಥ ಜೋಡಿಗಳಿಗೂ ಈಗ ಜರ್ಮನಿಯಿಂದ ಬರುವ ಸಾಲಿನ ಚಿಂತೆ. ನೋವಿನ ಸಂಗತಿ ಇದು.

ಹಿಂದೆ ಮುರಿದದ್ದು, ಮತ್ತೆ ಕೂಡಿದ್ದು

ಈ ಎರಡು ದೇಶಗಳ ವಿನಿಮಯ ಹಿಂದೆಯೂ ಮುರಿದಿದೆ. 1905ರಲ್ಲಿ ಹಾರ್ವರ್ಡ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳು ಪ್ರಾಧ್ಯಾಪಕರನ್ನು ಅದಲುಬದಲು ಮಾಡಲು ಶುರುಮಾಡಿದವು. ರಸಾಯನಶಾಸ್ತ್ರಜ್ಞ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಹಾರ್ವರ್ಡ್‌ಗೆ ಹೋಗಿ ಪಾಠ ಮಾಡಿದರು. 1914ರ ಮಹಾಯುದ್ಧ ಅದನ್ನು ನುಂಗಿತು. ಯುದ್ಧದ ನಂತರ ಹೈಡೆಲ್‌ಬರ್ಗ್‌ನ ಕಾರ್ಲ್ ಯೋಆಖಿಮ್ ಫ್ರೀಡ್ರಿಖ್ ಎಂಬ ವಿದ್ಯಾರ್ಥಿ ಅಮೆರಿಕಕ್ಕೆ ಹೋಗಿ, ತನ್ನ ದೇಶದವರಿಗೆ 13 ವಿದ್ಯಾರ್ಥಿವೇತನ ದೊರಕಿಸಿದ. ಅದನ್ನು ನೋಡಿಕೊಳ್ಳಲೆಂದು 1925ರಲ್ಲಿ ಹುಟ್ಟಿದ ಪುಟ್ಟ ಕಚೇರಿಯೇ ಇಂದಿನ ಡಿಎಎಡಿ, ಜರ್ಮನಿಯ ದೊಡ್ಡ ವಿನಿಮಯ ಸಂಸ್ಥೆ. ನಾಜಿಗಳ ಕಾಲದಲ್ಲಿ ಅದೂ ಕೆಟ್ಟಿತು. 1950ರಲ್ಲಿ ಮತ್ತೆ ಕಟ್ಟಿದರು. 1953ರಲ್ಲಿ ಡೆಟ್ರಾಯ್ಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ ಮ್ಯೂನಿಕ್‌ಗೆ ತನ್ನ ಮಕ್ಕಳನ್ನು ಕಳಿಸತೊಡಗಿತು.

ಆಗ ಮುರಿದದ್ದು ಯುದ್ಧದಿಂದ, ಒಂದೇ ಏಟಿಗೆ. ಈಗಿನದು ಹಾಗಲ್ಲ. ಯಾರೂ ಒಪ್ಪಂದ ಹರಿದುಹಾಕುತ್ತಿಲ್ಲ. ವರ್ಷಕ್ಕೆ ಒಂದೆರಡು ಸೀಟು ಸೋರಿಹೋಗುತ್ತದೆ. ಗಮನಕ್ಕೆ ಬರುವಷ್ಟರಲ್ಲಿ ಕಾಗದದ ಮೇಲೆ ಮಾತ್ರ ಉಳಿದಿರುತ್ತದೆ.

ನಮ್ಮವರಿಗೆ ಇದರಲ್ಲೇನಿದೆ?

ಜರ್ಮನಿಯಲ್ಲಿ ಓದುವ ವಿದೇಶಿಯರಲ್ಲಿ ಈಗ ಭಾರತೀಯರೇ ಜಾಸ್ತಿ. 2024–25ರ ಚಳಿಗಾಲದಲ್ಲಿ ಸುಮಾರು 59 ಸಾವಿರ ಜನರಿದ್ದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಎಂಜಿನಿಯರಿಂಗ್ ಪದವೀಧರರೂ ಅವರಲ್ಲಿದ್ದಾರೆ. ಜರ್ಮನ್ ವಿಶ್ವವಿದ್ಯಾಲಯದಲ್ಲಿ ದಾಖಲಾದವರು ಸಾಮಾನ್ಯವಾಗಿ ಯಾವ ದೇಶದವರಾದರೂ ಅಮೆರಿಕದ ವಿನಿಮಯ ಸೀಟಿಗೆ ಅರ್ಜಿ ಹಾಕಬಹುದು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೂ ಬೇಕಾದದ್ದು ಅದೇ ಜೆ-1 ವೀಸಾ, ಅದೇ ಸಂದರ್ಶನ. ಒಂದು ಹಳೆಯ ತೊಡಕು ಮಾತ್ರ ಸಡಿಲವಾಗಿದೆ. ಜೆ-1 ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ನಿಯಮ ಭಾರತದ ಅನೇಕರಿಗೆ ತಟ್ಟುತ್ತಿತ್ತು. ಅದಕ್ಕೆ ಆಧಾರವಾದ, ಯಾವ ದೇಶಕ್ಕೆ ಯಾವ ಪರಿಣತಿ ಬೇಕು ಎಂಬ ಕೌಶಲ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆದರು. ಸರ್ಕಾರಿ ಹಣ ಪಡೆದವರಿಗೆ ಆ ನಿಯಮ ಈಗಲೂ ಇದೆ.

ಮುಂದೆ ಏನಾಗಬಹುದು?

ಮೊದಲ ಪರಿಣಾಮ ಅವಧಿಯ ಮೇಲೆ. ಇಡೀ ವರ್ಷ ಕಳಿಸುತ್ತಿದ್ದವರು ಒಂದು ಸೆಮಿಸ್ಟರಿಗೆ, ಸೆಮಿಸ್ಟರಿಗೆ ಕಳಿಸುತ್ತಿದ್ದವರು ಬೇಸಿಗೆ ಶಿಬಿರಕ್ಕೆ ಇಳಿಯುತ್ತಾರೆ. ಕೆಲವರು ಆನ್‌ಲೈನ್ ಜಂಟಿ ತರಗತಿಗೆ ಹೋಗುತ್ತಾರೆ. ಅದಕ್ಕೆ ವೀಸಾ ಬೇಡ ನಿಜ, ಆದರೆ ಆರು ತಿಂಗಳ ಇಂಟರ್ನ್‌ಶಿಪ್ ಕಂಪ್ಯೂಟರ್ ಪರದೆಯ ಮೇಲೆ ಆಗುವಂಥದ್ದಲ್ಲ.

ಎರಡನೆಯದು, ಜರ್ಮನಿಯ ವಿಶ್ವವಿದ್ಯಾಲಯಗಳು ತಮ್ಮ ಸೀಟುಗಳನ್ನು ಕೆನಡಾ, ಕೊರಿಯಾ, ಆಸ್ಟ್ರೇಲಿಯಾ ಕಡೆಗೆ ತಿರುಗಿಸಬಹುದು. ಹಾಗೆ ಹೋದ ಸೀಟು ಬೇಗ ಮರಳಿ ಬರುವುದಿಲ್ಲ. ಹೊಸ ಜೊತೆಗಾರರ ಜೊತೆ ಕ್ರೆಡಿಟ್ ಹೊಂದಿಸುವ ಕೆಲಸ ಶುರುವಾಗಿರುತ್ತದೆ, ಮೇಷ್ಟ್ರುಗಳ ಸಮಯ ಅಲ್ಲಿಗೆ ಹೋಗಿರುತ್ತದೆ.

ಮೂರನೆಯದಾಗಿ, ಏಟು ಸಮನಾಗಿ ಬೀಳುವುದಿಲ್ಲ. ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಸ್ವಂತ ನಿಧಿ ಇದೆ, ವಕೀಲರಿದ್ದಾರೆ, ಕಾದುಕೊಂಡು ಬರುವ ಅರ್ಜಿದಾರರೂ ಇದ್ದಾರೆ. ಕಿಂಗ್‌ಸ್ಟನ್‌ನಂಥ ಊರಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಇರುವುದು ಎರಡೂ ಕಡೆ ಕೂತು ಸೀಟಿನ ಲೆಕ್ಕ ಇಡುವ ಕೆಲವು ಜನ. ಮುಂದಿನ ತಂಡದ ಹೆಸರುಗಳ ಪಟ್ಟಿ ಜರ್ಮನಿಯಲ್ಲಿ ಸಿದ್ಧವಾಗುವುದು ಚಳಿಗಾಲದ ಪರೀಕ್ಷೆಗಳ ಹೊತ್ತಿಗೆ. ಆ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂಬುದರ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಜರ್ಮನಿಯ ಹಾಸ್ಟೆಲ್‌ನಲ್ಲಿ ಅಮೆರಿಕದ ಮಕ್ಕಳಿಗೆ ಎಷ್ಟು ಕೋಣೆ ಎಂಬುದೂ ನಿಂತಿದೆ.